ಕಾಲುವೆ ದಾಟಿ ಕೊಡೇಕಲ್‌ಗೆ

ಹುಣಸಗಿಯಿಂದ ಹೊರಟ ಬಸ್ಸಿನಲ್ಲಿ ಜನಕ್ಕಿಂತ ಗಂಟು-ಮೂಟೆಗಳೇ ಹೆಚ್ಚು. ಬೆಂಗಳೂರಿನ ಕಟ್ಟಡ ಕೆಲಸ ಮುಗಿಸಿ ಊರಿಗೆ ಬರುತ್ತಿದ್ದ ಕುಟುಂಬವೊಂದು ಬಕೆಟ್ಟು, ಚಾಪೆ, ಕೂಸು ಎಲ್ಲವನ್ನೂ ಹಿಂದಿನ ಸೀಟಿಗೆ ಒಟ್ಟಿತ್ತು. ಕಿಟಕಿಯಾಚೆ ನಾರಾಯಣಪುರ ಎಡದಂಡೆ ಕಾಲುವೆಯ ನೀರುಂಡ ಭತ್ತ, ನಡುವೆ ಆಂಧ್ರದಿಂದ ಬಂದು ನೆಲೆಸಿದ ರೈತರ ಕ್ಯಾಂಪು. ನೀರು ಬಂದ ಕಡೆ ಪರಸ್ಥಳದವರು ಬಂದರು. ನೀರು ಹತ್ತದ ಹೊಲದವರು ಗುಳೆ ಹೋದರು. 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಜನ 11.74 ಲಕ್ಷ, ಸಾಕ್ಷರತೆ ಶೇ. 51.83. ರಾಜ್ಯಕ್ಕೇ ಕಡೆಯ ಸ್ಥಾನ. ಆ ಕೂಸಿನ ಅಕ್ಕ, ಎಂಟೊಂಬತ್ತು ವರ್ಷದವಳು, ಯಾವ ಊರಿನ ಶಾಲೆಯ ಹಾಜರಿಯಲ್ಲಿದ್ದಾಳೋ!

ಗಣತಿಯಲ್ಲಿ ಧರ್ಮಕ್ಕೂ ಒಂದು ಕಾಲಂ ಇದೆ. ಕೊಡೇಕಲ್‌ನಲ್ಲಿ ಅದನ್ನು ತುಂಬುವುದು ಸುಲಭ, ನಂಬುವುದು ಕಷ್ಟ. ಇಲ್ಲಿನ ಬಸವಣ್ಣ ಕಲ್ಯಾಣದವನಲ್ಲ. ಅವನಾದ ಮೇಲೆ ನಾಲ್ಕು ಶತಮಾನ ಕಳೆದು ಬಂದವನು. ವಚನಕಾರರ ದಾರಿಯನ್ನೂ ಸೂಫಿಗಳ ದಾರಿಯನ್ನೂ ಬೆಸೆದ ಪಂಥ ಅವನದು. ಅವನ ಕಾಲಜ್ಞಾನ ಈ ಸೀಮೆಯಲ್ಲಿ ಇಂದಿಗೂ ಬಾಯಿಮಾತು. ಪಂಥದ ಹಸ್ತಪ್ರತಿಗಳಿಗೆ ‘ಅಮರಗನ್ನಡ’ ಎಂಬ ಗುಪ್ತ ಲಿಪಿಯೇ ಇದೆ. ದೂರದ ಮೈಸೂರು ಸೀಮೆಯ ಮಂಟೇಸ್ವಾಮಿ ಪರಂಪರೆಯ ಬೇರನ್ನು ವಿದ್ವಾಂಸರು ಹುಡುಕಿಕೊಂಡು ಬರುವುದೂ ಇತ್ತಲೇ.

ಚಹಾದ ಅಂಗಡಿಯಲ್ಲಿ ಮಿರ್ಚಿ ಕರಿಯುತ್ತಿದ್ದ ಹಿರಿಯರನ್ನು ಕೇಳಿದೆ: “ಕಾಕಾ, ಮೊಹರಂ ಇಲ್ಲಿ ಯಾರ್ ಮಾಡ್ತಾರ?”

“ಯಾರ್ ಮಾಡ್ತಾರ ಅಂದ್ರ? ಊರ್ ಮಾಡ್ತದ್ರೀ.” ಜಾರೆ ಎಣ್ಣೆಯಲ್ಲೇ ಇತ್ತು. “ಹರಕಿ ಹೊತ್ತಾವ ಸಕ್ರಿ ಓದಿಸ್ತಾನ, ಫಕೀರ ಆಗ್ತಾನ. ಜಾತಿ ಕೇಳಿ ಅಲಾಯಿ ಕುಣಿ ತೋಡ್ತಾರೇನ್?”

ಮಾತು ದೊಡ್ಡದು. ಆದರೆ ಅಲಾಯಿ ದೇವರ ಮುಂದೆ ಕೂಡಿದ ಊರು ಮರುದಿನ ತಂತಮ್ಮ ಓಣಿಗೆ ಮರಳುವುದೂ ಈ ನಾಡಿನ ವಾಸ್ತವವೇ. ದಲಿತರ ಕೇರಿ ಇಂದಿಗೂ ಊರಂಚಿನಲ್ಲೇ ಉಳಿದ ಹಳ್ಳಿಗಳು ಇಲ್ಲಿ ಅಪರೂಪವಲ್ಲ. ದೇವರು ಕೂಡಿಸಿದ್ದನ್ನು ಬಾವಿ, ಬೀಗತನಗಳು ಕೂಡಿಸಿಲ್ಲ. ಭಾವೈಕ್ಯದ ಭಾಷಣಗಳು ಈ ಭಾಗವನ್ನು ಹಾರಿಸಿಯೇ ಓದುತ್ತವೆ.

ಕಾಕಾ ಮಿರ್ಚಿಯ ಪೊಟ್ಟಣ ಕೊಡುತ್ತ, “ತಿಂಥಣಿ ನೋಡೀರೇನ್?” ಎಂದರು. ಕೃಷ್ಣೆಯ ದಂಡೆಯ ಮೌನೇಶ್ವರನ ಊರು. ಅಲ್ಲಿನ ಜಯಘೋಷದಲ್ಲಿ ಪೀರನೂ ಮಹಾದೇವನೂ ಒಟ್ಟಿಗೇ ಬರುತ್ತಾರೆ. “ಸುರಪುರಕ್ಕ ಹೋಗಿ ಲಿಂಗಸುಗೂರ್ ಬಸ್ ಹಿಡೀರಿ. ಮಧ್ಯಾಹ್ನ ಬಸ್ ಕಮ್ಮಿ, ಲಗೂ ಹೊಂಡ್ರಿ.”