ಸ್ಟೂಲು ಎಳೆದು ಕೂರುವ ವಿದ್ಯೆ

ಹುಬ್ಬಳ್ಳಿ ಕಡೆಯ ದವಾಖಾನೆಗಳಲ್ಲಿ ಔಷಧಿಗೆ ಒಮ್ಮೊಮ್ಮೆ ಕೊರತೆ ಬಿದ್ದೀತು, ಆಶೀರ್ವಾದಕ್ಕೆ ಮಾತ್ರ ಬೀಳುವುದಿಲ್ಲ. ಬಿಪಿ ಪಟ್ಟಿ ಸುತ್ತಿದರೆ ‘ನೂರ್ ವರ್ಷ ಬಾಳವ್ವಾ’, ಎಕ್ಸ್‌ರೇ ಕೋಣೆಯ ದಾರಿ ತೋರಿಸಿದರೆ ‘ಚೊಲೋ ಗಂಡ ಸಿಗಲಿ’. ಕೊರಳಲ್ಲಿ ಸ್ಟೆತೊಸ್ಕೋಪ್ ಇದ್ದರಾಯಿತು; ಪ್ರೊಫೆಸರ್ ಯಾರು, ವಿದ್ಯಾರ್ಥಿ ಯಾರು ಎಂದು ವಾರ್ಡಿನ ಅಜ್ಜಿಯರು ವಿಚಾರಿಸಲು ಹೋಗುವುದಿಲ್ಲ. ಶಿವಮೊಗ್ಗ ಕಡೆಯಿಂದ ಎಂಬಿಬಿಎಸ್ ಓದಲು ಬಂದ ಹುಡುಗಿಯೊಬ್ಬಳು ಹೀಗೆ ಪುಕ್ಕಟೆ ಸಿಕ್ಕ ಹರಕೆಗಳ ಮೇಲೇ ನಾಲ್ಕು ವರ್ಷ ಕಳೆದಳು.

ಅವಳ ಗೆಳತಿಯರಿಗೆ ಆಪರೇಷನ್ ಥಿಯೇಟರಿನಲ್ಲಿ ನಿಲ್ಲಲು ಜಾಗ ಸಿಕ್ಕರೆ ಹಬ್ಬ. ಇವಳ ಹುಚ್ಚು ಬೇರೆ. ಹಿರಿಯ ವೈದ್ಯರು ರೋಗಿಯ ಮಂಚದ ಪಕ್ಕಕ್ಕೆ ಸ್ಟೂಲು ಎಳೆದುಕೊಂಡು ಕೂತು, ಕೇಳಲು ಕಷ್ಟವಾದ ಸುದ್ದಿಯನ್ನು ಹೇಳುವ ಹೊತ್ತಿಗೆ ಮೆಸ್ಸಿನ ಊಟ ಬಿಟ್ಟಾದರೂ ಅವಳು ಅಲ್ಲಿ ಹಾಜರು. ಯಾರು ಮೊಬೈಲು ಆರಿಸಿದರು, ಯಾರು ಗಡಿಯಾರ ನೋಡಿದರು, ಯಾವ ಮಾತಿಗೆ ಮನೆಯವರು ತಲೆಯೆತ್ತಿದರು ಎಂಬುದೆಲ್ಲ ಅವಳ ಲೆಕ್ಕಕ್ಕೆ ಸೇರುತ್ತದೆ. ‘ಇದೆಂಥಾ ಹವ್ಯಾಸನೇ ಮಾರಾಯ್ತಿ’ ಎಂದು ಅಮ್ಮ ಫೋನಿನಲ್ಲಿ ಗೊಣಗುತ್ತಾರೆ. ಕ್ರಿಕೆಟ್ ಹುಚ್ಚಿನವರು ಬ್ಯಾಟ್ಸ್‌ಮನ್ನನ ಪಾದ ನೋಡುತ್ತಾರಲ್ಲ, ಇವಳು ವೈದ್ಯರ ಕುರ್ಚಿ ನೋಡುತ್ತಾಳೆ, ಅಷ್ಟೇ.

ಹೇಳಬೇಕೋ ಬೇಡವೋ ಎಂಬ ಪ್ರಶ್ನೆ ಬಹಳ ಹಳೆಯದು. ಚರಕ ಸಂಹಿತೆಯ ವಿಮಾನಸ್ಥಾನದಲ್ಲಿ ಗುರು ಶಿಷ್ಯನಿಗೆ ಬೋಧಿಸುವ ನಿಯಮಗಳಲ್ಲೇ ಇದು ಬರುತ್ತದೆ: ರೋಗಿಯ ಆಯುಸ್ಸು ಮುಗಿಯುತ್ತಿದೆ ಎಂದು ಗೊತ್ತಿದ್ದರೂ, ಹೇಳಿದರೆ ಅವನಿಗೋ ಬೇರೆಯವರಿಗೋ ಆಘಾತವಾಗುವಂತಿದ್ದರೆ ಹೇಳಕೂಡದು. ಇಪ್ಪತ್ತನೇ ಶತಮಾನದ ಅಮೆರಿಕವೂ ಬಹುಕಾಲ ಹೀಗೇ ಇತ್ತು. 1961ರಲ್ಲಿ ಡೊನಾಲ್ಡ್ ಓಕನ್ ಷಿಕಾಗೊದ ವೈದ್ಯರನ್ನು ವಿಚಾರಿಸಿದಾಗ, ಕ್ಯಾನ್ಸರ್ ಎಂದು ರೋಗಿಗೆ ತಿಳಿಸುವುದಿಲ್ಲ ಎಂದವರು ಸುಮಾರು ಶೇ. 90. 1979ರಲ್ಲಿ ಅದೇ ಬಗೆಯ ಪ್ರಶ್ನೆಗೆ, ತಿಳಿಸುತ್ತೇವೆ ಎಂದವರು ಶೇ. 97. ಹದಿನೆಂಟೇ ವರ್ಷಗಳಲ್ಲಿ ಅಭಿಪ್ರಾಯ ಮಗುಚಿಬಿತ್ತು. ಹೇಗೆ ಹೇಳಬೇಕೆಂದು ಮಾತ್ರ ಯಾರೂ ಸರಿಯಾಗಿ ಕಲಿಸಿರಲಿಲ್ಲ.

ಕಲಿಸಲು ಹೊರಟವರಲ್ಲಿ ಈ ಹುಡುಗಿಗೆ ಅಚ್ಚುಮೆಚ್ಚು ರಾಬರ್ಟ್ ಬಕ್‌ಮನ್. ಲಂಡನ್ನಿನಲ್ಲಿ ಹುಟ್ಟಿ, ಟೊರಾಂಟೊದಲ್ಲಿ ಕ್ಯಾನ್ಸರ್ ವೈದ್ಯರಾಗಿದ್ದವರು. ಬ್ರಿಟಿಷ್ ಟಿವಿಯಲ್ಲಿ ಜನರನ್ನು ನಗಿಸಿದವರು. ತಾವೇ ಸಾವಿನ ಬಾಗಿಲು ತಟ್ಟುವಂಥ ಕಾಯಿಲೆ ಅನುಭವಿಸಿ ಎದ್ದುಬಂದವರು. ಅವರೂ ವಾಲ್ಟರ್ ಬೈಲ್ ಮೊದಲಾದವರೂ 2000ದಲ್ಲಿ ಪ್ರಕಟಿಸಿದ ‘ಸ್ಪೈಕ್ಸ್’ ಎಂಬ ಆರು ಹೆಜ್ಜೆಯ ಕ್ರಮವನ್ನು ಇವತ್ತು ಊರೂರಿನ ವೈದ್ಯ ವಿದ್ಯಾರ್ಥಿಗಳು ಉರುಹೊಡೆಯುತ್ತಾರೆ. ಮೊದಲು ಕೂರಲು ಜಾಗ ಮಾಡಿಕೋ. ರೋಗಿಗೆ ಈಗಾಗಲೇ ಏನು ಗೊತ್ತಿದೆ ಕೇಳು. ಎಷ್ಟು ತಿಳಿಯಲು ಇಷ್ಟ ಕೇಳು. ಆಮೇಲೆ ಹೇಳು. ದುಃಖಕ್ಕೆ ಜಾಗ ಬಿಡು. ಕೊನೆಗೆ, ನಾಳೆ ಏನು ಮಾಡುವುದೆಂದು ಜೊತೆಗೆ ಕೂತು ನಿಶ್ಚಯಿಸು. ಹೇಳುವ ಸರದಿ ಬರುವುದು ನಾಲ್ಕನೆಯದಾಗಿ.

ನಮ್ಮ ದೇಶದ ಎಂಬಿಬಿಎಸ್ ಪಠ್ಯಕ್ರಮದಲ್ಲಿ ನಡತೆ, ನೀತಿ, ಸಂವಹನದ ಪಾಠಗಳು ‘ಏಟ್‌ಕಾಮ್’ ಎಂಬ ಹೆಸರಿನಲ್ಲಿ 2019ರಿಂದ ಕಡ್ಡಾಯವಾದವು. ತರಗತಿಯಲ್ಲಿ ಒಬ್ಬರು ರೋಗಿ, ಒಬ್ಬರು ವೈದ್ಯ. ನಟರಿಗೆ ರೋಗಿಯ ಪಾತ್ರ ಕೊಟ್ಟು ಕಲಿಸುವ ಪದ್ಧತಿಯನ್ನು ಹೋವರ್ಡ್ ಬ್ಯಾರೋಸ್ 1963ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಶುರುಮಾಡಿದ್ದರು. ಹುಬ್ಬಳ್ಳಿಯಲ್ಲಿ ಅದಕ್ಕೆ ಕಂಪನಿ ನಾಟಕದ ಕಳೆ ಬಂತು. ಗದಗಿನ ಗೆಳೆಯನೊಬ್ಬ ‘ನನಗ ಕ್ಯಾನ್ಸರ್ರಾ?’ ಎಂದು ಎದೆ ಹಿಡಿದು ಕುರ್ಚಿಯಿಂದ ಉರುಳಿದ ರಭಸಕ್ಕೆ ಪಕ್ಕದ ತರಗತಿಯವರು ಓಡಿಬಂದರು. ನಗು ನಿಂತ ಮೇಲೆ ನಿಜವಾದ ಪರೀಕ್ಷೆ: ಕಾಯಿಲೆಯ ಹೆಸರು ಹೇಳಿದ ಮೇಲೆ ಬಾಯಿ ಮುಚ್ಚಿಕೊಂಡು ಕೂರುವುದು. ಹತ್ತು ಸೆಕೆಂಡು ದಾಟುವಷ್ಟರಲ್ಲಿ ಎಲ್ಲರೂ ಕೀಮೊಥೆರಪಿಯ ಬಗ್ಗೆ ಭಾಷಣಕ್ಕೆ ಇಳಿದಿದ್ದರು.

ವಾರ್ಡಿನಲ್ಲಿ ಆರು ಹೆಜ್ಜೆಗಳು ಸಾಲಾಗಿ ಬರುವುದಿಲ್ಲ. ಪ್ರತ್ಯೇಕ ಕೋಣೆ ಬೇಕೆನ್ನುತ್ತದೆ ಪುಸ್ತಕ. ಇಲ್ಲಿರುವುದು ಅರ್ಧ ಕಿತ್ತುಹೋದ ಪರದೆ. ಎಷ್ಟು ತಿಳಿಯಲು ಇಷ್ಟ ಎಂದು ಕೇಳಿದಾಗ ಬಾಯಿಯ ಕ್ಯಾನ್ಸರಿನ ಯಜಮಾನರೊಬ್ಬರು ಹಿರಿಯ ವೈದ್ಯರಿಗೆ ಹೇಳಿದ್ದು ಹೀಗೆ: ‘ಎಲ್ಲಾ ಬಿಡಿಸಿ ನನಗ ಹೇಳಬ್ಯಾಡ್ರಿ, ಮಗಗ ಹೇಳ್ರಿ. ಜ್ವಾಳದ ರಾಶಿಗೆ ಹೊಲಕ್ಕ ಹೋಗಾಕ ಆಕ್ಕೈತೋ ಇಲ್ಲೋ, ಅಷ್ಟ ಹೇಳ್ರಿ ಸಾಕು.’ ವೈದ್ಯರು ರಾಶಿ ಯಾವ ತಿಂಗಳು ಎಂದು ಕೇಳಿ, ರೇಡಿಯೇಷನ್ನಿನ ದಿನಗಳನ್ನು ಅದರ ಪಕ್ಕದಲ್ಲಿಟ್ಟು ಎಣಿಸಿದರು. ಹುಡುಗಿ ಇದನ್ನು ಆ ರಾತ್ರಿಯೇ ಡೈರಿಯಲ್ಲಿ ಬರೆದುಕೊಂಡಳು.

ಅವಳ ಸರದಿ ಬಂದದ್ದು ಇಂಟರ್ನ್‌ಶಿಪ್ಪಿನಲ್ಲಿ, ಮಕ್ಕಳ ವಾರ್ಡಿನಲ್ಲಿ. ಹಿರಿಯ ವೈದ್ಯರು ಪಕ್ಕದಲ್ಲೇ ಕೂತಿದ್ದರು. ನವಲಗುಂದ ತಾಲ್ಲೂಕಿನ ಎಂಟು ವರ್ಷದ ಹುಡುಗ. ಎಷ್ಟು ನೀರು ಕುಡಿದರೂ ದಾಹ, ರಾತ್ರಿ ಹಾಸಿಗೆ ಒದ್ದೆ, ಮೈ ಕರಗಿ ಎಲುಬು ಕಾಣುತ್ತಿತ್ತು. ಏನಾಗಿದೆ ಅಂತ ಅನ್ನಿಸುತ್ತದೆ ಎಂದು ಕೇಳಿದಾಗ ತಾಯಿ ಜಂತುಹುಳು ಎಂದಳು. ‘ಅಲ್ಲ ಅಕ್ಕಾ. ನಾವು ಅಂದುಕೊಂಡದ್ದಕ್ಕಿಂತ ದೊಡ್ಡ ಬ್ಯಾನಿ ಐತಿ’ ಎಂದು ತನಗೆ ಬಂದಷ್ಟು ಹುಬ್ಬಳ್ಳಿ ಕನ್ನಡದಲ್ಲಿ ಹೇಳಿ ಹುಡುಗಿ ಸ್ವಲ್ಪ ತಡೆದಳು. ‘ಸಕ್ಕರೆ ಕಾಯಿಲೆ. ದಿನಾ ಇನ್ಸುಲಿನ್ ಸೂಜಿ ಬೇಕು.’

ಆಮೇಲೆ ಅವಳು ಸುಮ್ಮನಿದ್ದಳು. ಪಕ್ಕದ ಮಂಚದ ಹೆಂಗಸು ಥರ್ಮಾಸಿನಿಂದ ಒಂದು ಕಪ್ ಚಹಾ ಬಗ್ಗಿಸಿ ತಂದು ತಾಯಿಯ ಕೈಗಿಟ್ಟಳು. ಕುಡಿಯದೆ ಹಿಡಿದುಕೊಂಡೇ ತಾಯಿ ಕೇಳಿದ್ದು ಒಂದೇ: ‘ಪಂಚಮ್ಯಾಗ ಉಂಡಿ ಭಾಳ ತಿನಿಸಿದ್ನಿ. ಅದಕ್ಕ ಬಂತೇನ್ರಿ?’

ಈ ಪ್ರಶ್ನೆಗೆ ಉತ್ತರ ಕೊಡುವ ಅವಕಾಶವೇ ತನ್ನ ಓದಿನ ಸಾರ್ಥಕತೆ ಎಂದು ಅವಳಿಗೆ ಅನ್ನಿಸಿತು. ಟೈಪ್ ಒನ್ ಬಗೆಯ ಮಧುಮೇಹ ಸಿಹಿ ತಿಂದದ್ದರಿಂದ ಬರುವುದಲ್ಲ. ರೋಗದ ವಿರುದ್ಧ ಹೋರಾಡಬೇಕಾದ ಕಣಗಳೇ ಮೇದೋಜೀರಕದಲ್ಲಿ ಇನ್ಸುಲಿನ್ ತಯಾರಿಸುವ ಕಣಗಳನ್ನು ಕೊಂದುಹಾಕುತ್ತವೆ. ಉಂಡಿಯದಾಗಲಿ, ಅವ್ವನದಾಗಲಿ ತಪ್ಪಿಲ್ಲ. 1922ರ ಜನವರಿಯಲ್ಲಿ ಟೊರಾಂಟೊದ 14 ವರ್ಷದ ಲೆನರ್ಡ್ ಥಾಂಪ್ಸನ್‌ಗೆ ಮೊದಲ ಇನ್ಸುಲಿನ್ ಚುಚ್ಚುವವರೆಗೆ ಇಂಥ ಮಕ್ಕಳಿಗೆ ಅರೆಹೊಟ್ಟೆಯ ಪಥ್ಯ ಬಿಟ್ಟರೆ ಗತಿಯಿರಲಿಲ್ಲ. ಈಗ ಈ ಹುಡುಗ ಶಾಲೆಗೆ ಹೋಗಬಹುದು, ಕಬಡ್ಡಿ ಆಡಬಹುದು. ತೊಡೆ, ಹೊಟ್ಟೆ, ತೋಳು ಎಂದು ಸೂಜಿಯ ಜಾಗ ಬದಲಿಸುತ್ತಿರಬೇಕು. ಕೈ ನಡುಗಿ ಬೆವರಿದರೆ ತಕ್ಷಣ ಸಕ್ಕರೆ ನೀರು. ಮನೆಯಲ್ಲಿ ಫ್ರಿಜ್ ಇಲ್ಲದಿದ್ದರೆ ದೊಡ್ಡ ಮಡಕೆಯೊಳಗೆ ಸಣ್ಣ ಮಡಕೆ, ನಡುವೆ ಒದ್ದೆ ಮರಳು. ಇನ್ಸುಲಿನ್ ಬಾಟಲಿಗೆ ಆ ತಂಪು ಸಾಕು. ಮಡಕೆಯ ಮಾತು ಬಂದಾಗ ತಾಯಿ ಚಹಾ ಗುಟುಕರಿಸಿದಳು. ಅದು ಅವಳ ಕೈಯಳತೆಯ ಕೆಲಸ.

ಮುಂದಿನ ತಪಾಸಣೆಗೆ ಬಂದಾಗ ಅದೇ ತಾಯಿ, ಹೊಸದಾಗಿ ದಾಖಲಾದ ಮಗುವಿನ ಅವ್ವನ ಪಕ್ಕ ಕೂತು ಪಾಠ ನಡೆಸಿದ್ದಳು. ‘ರಕ್ತದಾಗ ಸಕ್ರಿ ಐತಿ, ಮೈಗೆ ಹತ್ತವಲ್ದು. ಮಲಪ್ರಭಾ ಕಾಲುವ್ಯಾಗ ನೀರು ತುಂಬಿ ಹರೀತಿರತೈತಿ, ಗೇಟ್ ಎತ್ತವ್ರು ಇಲ್ಲಂದ್ರ ಹೊಲ ಒಣಗೂದಿಲ್ಲೇನು? ಈ ಸೂಜಿ ಗೇಟ್ ಎತ್ತತೈತಿ, ತಿಳೀತ?’

ಹುಡುಗಿ ಮರುದಿನವೇ ರೌಂಡ್ಸಿನಲ್ಲಿ ಕಾಲುವೆಯ ಮಾತು ಬಳಸಿದಳು. ‘ಚೆನ್ನಾಗಿದೆಯಲ್ಲ, ಯಾವ ಪುಸ್ತಕದ್ದು?’ ಎಂದರು ಪ್ರೊಫೆಸರ್.

‘ನವಲಗುಂದದ್ದು ಸರ್’ ಎಂದಳು.