ಊರಿನ ನೆತ್ತಿಗೆರೆ

ಕ್ಯಾಮೆರಾ ಮನೆಗೆ ಬಂದ ದಿನ ಅಮ್ಮ ಅದರ ಪೆಟ್ಟಿಗೆಗೆ ಅರಿಸಿನ ಕುಂಕುಮ ಹಚ್ಚಿ, ದೇವರ ಮುಂದೆ ಒಂದು ಗಳಿಗೆ ಇರಿಸಿ, ಆಮೇಲೆ ನನ್ನ ಕೈಗೆ ಕೊಟ್ಟಳು. “ಮೊದಲು ಏನು ತೆಗೀತೀಯೇ?” ಅಂದಳು. ಅದನ್ನು ನಾನು ಎಂದೋ ತೀರ್ಮಾನಿಸಿಯಾಗಿತ್ತು. “ಬೆಟ್ಟದ ಮೇಲಿಂದ ಊರು” ಅಂದೆ. “ಹಾಗಾದ್ರೆ ನಮ್ಮನೆ ಬರತ್ತಾ ಅದರಲ್ಲಿ?”

ಅದು ಡಿಸೆಂಬರ್ ತಿಂಗಳು. ಅಮ್ಮನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಜುಲೈನಲ್ಲಿ.

ನಮ್ಮ ಮನೆ ಮೈಸೂರಿನ ಇಟ್ಟಿಗೆಗೂಡಿನಲ್ಲಿದೆ. ಒಂದು ಮಗ್ಗುಲಿಗೆ ಮೃಗಾಲಯ, ಇನ್ನೊಂದು ಮಗ್ಗುಲಿಗೆ ಕಾರಂಜಿ ಕೆರೆ, ದಕ್ಷಿಣಕ್ಕೆ ಚಾಮುಂಡಿ ಬೆಟ್ಟ. ಬೆಳಗಿನ ಜಾವ ಸಿಂಹ ಗರ್ಜಿಸಿದರೆ ನಮ್ಮ ಬೀದಿಯ ಮಕ್ಕಳು ಮಗ್ಗುಲು ಬದಲಿಸಿ ಮತ್ತೆ ನಿದ್ದೆ ಹೋಗುತ್ತಾರೆ. ಹೊರಗಿನಿಂದ ಬಂದ ನೆಂಟರು ಮಾತ್ರ ಎದ್ದು ಕೂರುತ್ತಾರೆ. ತಾರಸಿಗೆ ಹೋದರೆ ಬೆಟ್ಟ ಎದುರಿಗೇ ನಿಂತಿರುತ್ತದೆ. ಬೆಟ್ಟಕ್ಕೆ ಮೋಡ ಕವಿದರೆ ಬಟ್ಟೆ ತೆಗೆಯಬೇಕು, ಬೆಟ್ಟ ಬೋಳಾಗಿ ಕಂಡರೆ ಹಪ್ಪಳ ಒಣಗಿಸಬಹುದು: ಅಮ್ಮನ ಪಂಚಾಂಗವೆಲ್ಲ ಅಲ್ಲಿಂದಲೇ. ಹೀಗೆ ಒಂದು ಆಯಸ್ಸು ಮನೆಯಿಂದ ಬೆಟ್ಟ ನೋಡಿದವಳು ಬೆಟ್ಟದಿಂದ ಮನೆ ನೋಡಿರಲಿಲ್ಲ. ಈಗ ಅವಳಿಗೆ ಎಂಬತ್ತನಾಲ್ಕು. ಹತ್ತುವುದು ಆಗದು. ಕಾರಿನಲ್ಲಿ ಕೂತರೆ ತಿರುವುಗಳಲ್ಲಿ ತಲೆ ಸುತ್ತುತ್ತದೆ.

ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಭೂಗೋಳ ಹೇಳಿಕೊಟ್ಟವಳು. ನಿವೃತ್ತಿಯಾದ ಮೇಲೆ ಕೊಂಡ ಮೊದಲ ದೊಡ್ಡ ವಸ್ತು ಈ ಕ್ಯಾಮೆರಾ. ಒಳಗೆ ಕನ್ನಡಿಯಿಲ್ಲದ ಹೊಸ ಬಗೆಯದು, ಕೈಯಲ್ಲಿ ಹಗುರ. ಜೊತೆಗೆ ದೂರದ್ದನ್ನು ಹತ್ತಿರ ತರುವ 200 ಮಿಲಿಮೀಟರ್‌ವರೆಗಿನ ಒಂದು ಲೆನ್ಸು, ಒಂದು ಟ್ರೈಪಾಡು. ಶಿವಮೊಗ್ಗದಲ್ಲಿರುವ ನನ್ನ ಅಣ್ಣನ ಮಗ ಫೋನಿನಲ್ಲೇ ಪಾಠ ಮಾಡಿದ. “ಅತ್ತೆ, ನೀವು ತೆಗೆಯೋಕೆ ಹೊರಟಿರೋದು ಸ್ಕೈಲೈನು. ಅದಕ್ಕೆ ಟ್ರೈಪಾಡು ಇಲ್ಲದೆ ಆಗಲ್ಲ” ಅಂದ.

ಈ ಸ್ಕೈಲೈನಿಗೆ ಕನ್ನಡದಲ್ಲಿ ಏನನ್ನಬೇಕು ಎಂದು ನಾನು ಬಹಳ ದಿನ ಹುಡುಕಾಡಿದೆ. ಆಕಾಶರೇಖೆ ಎಂದರೆ ಗಣಿತದ ವಾಸನೆ. ದಿಗಂತ, ಬಾನಂಚು ಒಳ್ಳೆಯ ಮಾತುಗಳೇ, ಆದರೆ ಅವು ಬಯಲಿಗೂ ಸಮುದ್ರಕ್ಕೂ ಸೇರಿದವು. ಅಲ್ಲಿ ಮನುಷ್ಯರ ಕಟ್ಟೋಣದ ಸುಳಿವಿಲ್ಲ. ಗೋಡೆ ಎಬ್ಬಿಸಿ, ಸೂರು ಹೊದಿಸಿ, ಅದರ ಮೇಲೊಂದು ಕಳಸ ಇಟ್ಟ ಮೇಲೆ ಮುಗಿಲಿಗೆ ತಾಗುವ ಗೆರೆ ಇದೆಯಲ್ಲ, ಅದಕ್ಕೆ ನಾನು ‘ನೆತ್ತಿಗೆರೆ’ ಎಂದು ಹೆಸರಿಟ್ಟುಕೊಂಡೆ. ಮನುಷ್ಯರಿಗಿರುವ ಹಾಗೆ ಊರಿಗೂ ಒಂದು ನೆತ್ತಿ. ಎಣ್ಣೆ ಒತ್ತುವಾಗ ಅಮ್ಮ ಅಂಗೈಯಿಟ್ಟು ನೋಡುತ್ತಿದ್ದದ್ದು ಅಲ್ಲೇ.

ಮೈಸೂರಿನ ನೆತ್ತಿಗೆರೆ ತಗ್ಗಿನದು. ಬೆಟ್ಟದ ತುದಿ ಊರಿಗಿಂತ ಸುಮಾರು 300 ಮೀಟರ್ ಎತ್ತರದಲ್ಲಿದೆ. ರಸ್ತೆಯ ತಿರುವಿನಲ್ಲಿ ಜನ ನಿಂತು ನೋಡುವ ಜಾಗ ಅದಕ್ಕಿಂತ ಸ್ವಲ್ಪ ಕೆಳಗೆ. ಅಲ್ಲಿಂದ ಮೊದಲು ಕಾಣುವುದು ಮರಗಳು. ಮರಗಳ ನಡುವೆ ಸೂರುಗಳು. ಅದನ್ನೆಲ್ಲ ಮೀರಿ ತಲೆ ಎತ್ತಿದವನ್ನು ಬೆರಳಲ್ಲಿ ಎಣಿಸಬಹುದು. ಬಲಗಡೆ ಈಶಾನ್ಯಕ್ಕೆ ಬೆಳ್ಳಗೆ ಕೂತಿರುವುದು 1921ರ ಲಲಿತಮಹಲ್. ಎಡಕ್ಕೆ, ಹೆಚ್ಚುಕಡಿಮೆ ನಾಲ್ಕು ಕಿಲೋಮೀಟರ್ ದೂರದಲ್ಲಿ, ಅರಮನೆಯ ಗುಮ್ಮಟಗಳು. ಅದರಾಚೆ ಸಂತ ಫಿಲೋಮಿನಾ ಚರ್ಚಿನ ಜೋಡಿ ಗೋಪುರಗಳು, ಒಂದೊಂದೂ 175 ಅಡಿ; 1933ರಲ್ಲಿ ಅಡಿಗಲ್ಲು ಇಟ್ಟವರು ನಾಲ್ವಡಿ ಕೃಷ್ಣರಾಜ ಒಡೆಯರು. ಅರಮನೆಯ ಕತೆ ಊರಿಗೆಲ್ಲ ಗೊತ್ತು: 1897ರಲ್ಲಿ ರಾಜಕುಮಾರಿಯ ಮದುವೆಯ ಸಂಭ್ರಮದ ನಡುವೆ ಮರದ ಹಳೆಯ ಅರಮನೆಗೆ ಬೆಂಕಿ ಬಿತ್ತು; ಹೆನ್ರಿ ಇರ್ವಿನ್ ನಕ್ಷೆ ಬರೆದ ಹೊಸದು ಮುಗಿದದ್ದು 1912ರಲ್ಲಿ. ಅದು ಪೂರ್ವಕ್ಕೆ ಮುಖ ಮಾಡಿದೆ, ಹಾಗಾಗಿ ಬೆಟ್ಟದವರಿಗೆ ಓರೆಯಾಗಿ ಕಾಣುತ್ತದೆ. ಕೆಳಗೆ ಅದರ ಮುಂದೆ ನಿಂತಾಗ ಕಾಣದ ಅದರ ಪಕ್ಕೆ, ಅದರ ಬೆನ್ನಿನ ಮರಗಳು, ಸುತ್ತಲ ಕೋಟೆಯ ಗೆರೆ ಎಲ್ಲ ಇಲ್ಲಿಂದ ಸಿಗುತ್ತವೆ.

ಈ ತಗ್ಗು ಊರಿನ ಸೌಭಾಗ್ಯ ಎಂದು ನಾನು ನಂಬಿದ್ದೇನೆ. ಯಾವುದು ಎತ್ತರವಿರಬೇಕು ಎಂದು ಹಿಂದಿನವರು ಯೋಚಿಸಿ ಎತ್ತರ ಮಾಡಿದರು. ಉಳಿದವು ಮರದ ಕೆಳಗಿದ್ದವು. ಈಗ ಹೊರವಲಯದಲ್ಲಿ ಹತ್ತು ಹನ್ನೆರಡು ಅಂತಸ್ತಿನ ವಸತಿ ಸಮುಚ್ಚಯಗಳು ಏಳುತ್ತಿವೆ. ಜನಕ್ಕೆ ಮನೆ ಬೇಕು, ಅದನ್ನು ಬೇಡವೆನ್ನುವುದು ಅನ್ಯಾಯ. ಆದರೆ ಬೆಟ್ಟಕ್ಕೂ ಅರಮನೆಗೂ ನಡುವಿನ ನೋಟದಲ್ಲಿ ಒಂದೇ ಒಂದು ಗೋಪುರ ನಿಂತರೂ ಊರು ತನ್ನ ನೆತ್ತಿಯನ್ನು ಕಳೆದುಕೊಳ್ಳುತ್ತದೆ. ಅಷ್ಟು ಜಾಗವನ್ನಾದರೂ ಕಾಪಾಡಿಕೊಳ್ಳಬೇಕು.

ಡಿಸೆಂಬರಿನ ಮೊದಲ ಪ್ರಯತ್ನಕ್ಕೆ ಬರುತ್ತೇನೆ. ಭಾನುವಾರ ಸಂಜೆ ಏಳರ ಹೊತ್ತಿಗೆ ಅರಮನೆಯ ದೀಪ ಹತ್ತುತ್ತದೆ, ಸುಮಾರು ಒಂದು ಲಕ್ಷ ಬಲ್ಬುಗಳು. ಆರೂವರೆಗೆ ಸ್ಕೂಟರಿನಲ್ಲಿ ಹೋಗಿ ಟ್ರೈಪಾಡು ಹೂಡಿದೆ. ದೀಪ ಹತ್ತಿತು, ಜನ ಹೋ ಎಂದರು, ಪಟ ತೆಗೆದೆ. ಮನೆಗೆ ಬಂದು ನೋಡಿದರೆ ಕಪ್ಪು ಬಟ್ಟೆಯ ಮೇಲೆ ಚಿನ್ನದ ಚೂರು ಅಂಟಿಸಿದ ಹಾಗಿತ್ತು. ಊರೇ ಇರಲಿಲ್ಲ. ಅಣ್ಣನ ಮಗ ನೋಡಿ, “ಅತ್ತೆ, ಆಕಾಶ ಸತ್ತೋಗಿದೆ. ನಿಮಗೆ ಬೇಕಾಗಿರೋದು ಬ್ಲೂ ಅವರ್” ಅಂದ. ಸೂರ್ಯ ಮುಳುಗಿದ ಮೇಲೆ, ಕತ್ತಲಾಗುವ ಮೊದಲು, ಆಕಾಶ ಗಾಢ ನೀಲಿಯಾಗುವ ಸ್ವಲ್ಪ ಹೊತ್ತು. ಆಗ ಆಕಾಶದ ಬೆಳಕೂ ಬೀದಿದೀಪದ ಬೆಳಕೂ ಸರಿಸಮಕ್ಕೆ ಬರುತ್ತವೆ. ಮರ, ಸೂರು, ರಸ್ತೆ, ದೀಪ ಎಲ್ಲವೂ ಒಂದೇ ಪಟದಲ್ಲಿ ಹಿಡಿಸುತ್ತವೆ. ಶೀತದೇಶಗಳ ಬೇಸಿಗೆಯಲ್ಲಿ ಈ ಮುಸ್ಸಂಜೆ ಗಂಟೆಗಟ್ಟಲೆ ಇರುತ್ತದಂತೆ. ನಮ್ಮಲ್ಲಿ ಸೂರ್ಯ ಬಾವಿಗೆ ಬಿಟ್ಟ ಕೊಡದ ಹಾಗೆ ನೇರಕ್ಕೆ ಇಳಿಯುತ್ತಾನೆ. ನೀಲಿ ಸಿಗುವುದು ಇಪ್ಪತ್ತು ನಿಮಿಷ.

ಇಲ್ಲಿ ನನ್ನ ಭೂಗೋಳ ಕೈಹಿಡಿಯಿತು. ಡಿಸೆಂಬರಿನಲ್ಲಿ ಮೈಸೂರಿನ ಸೂರ್ಯ ಆರರ ಆಸುಪಾಸಿಗೆ ಮುಳುಗುತ್ತಾನೆ. ಏಳಕ್ಕೆ ದೀಪ ಹತ್ತುವಾಗ ಆಕಾಶದಲ್ಲಿ ಏನೂ ಉಳಿದಿರುವುದಿಲ್ಲ. ದಸರೆಯಲ್ಲೂ ಹಾಗೇ, ಆರೂಕಾಲರ ಆಸುಪಾಸಿಗೆ ಸೂರ್ಯಾಸ್ತ. ಲೋಕವೆಲ್ಲ ಬಂದು ಪಟ ತೆಗೆಯುವ ಆ ಹತ್ತು ದಿನಗಳಲ್ಲಿ ಅರಮನೆಯ ಹಿಂದೆ ಇರುವುದು ಬರೀ ಕಪ್ಪು. ಜೂನ್ ಕೊನೆಗೆ, ಜುಲೈ ಮೊದಲಿಗೆ ಸೂರ್ಯಾಸ್ತ ಏಳಕ್ಕೆ ಹತ್ತು ನಿಮಿಷ ಇದೆ ಎನ್ನುವಾಗ. ಆಗ ದೀಪ ಹತ್ತಿದ ಐದಾರು ನಿಮಿಷಕ್ಕೆ ಸರಿಯಾಗಿ ನೀಲಿ ಶುರುವಾಗುತ್ತದೆ! ಏಪ್ರಿಲ್ ಕೊನೆಯಿಂದ ಆಗಸ್ಟ್‌ವರೆಗೆ ಈ ಎರಡು ಗಡಿಯಾರಗಳು ಒಂದಕ್ಕೊಂದು ಹೊಂದುತ್ತವೆ. ಮಿಕ್ಕ ತಿಂಗಳುಗಳಲ್ಲಿ ಇಲ್ಲ. ಹಗಲಿನ ಪಟಕ್ಕೆ ಮಾತ್ರ ಡಿಸೆಂಬರೇ ಮೇಲು; ಸೂರ್ಯ ದಕ್ಷಿಣಕ್ಕೆ ಜಾರಿ ಬೆಟ್ಟದ ಬೆನ್ನ ಕಡೆ ಇರುತ್ತಾನೆ, ನಮ್ಮತ್ತ ತಿರುಗಿದ ಗೋಡೆಗಳಿಗೆಲ್ಲ ದಿನವಿಡೀ ಬಿಸಿಲು. ಉತ್ತರಾಯಣ, ದಕ್ಷಿಣಾಯನ ಎಂದು ಕರಿಹಲಗೆಯ ಮೇಲೆ ಎಷ್ಟು ಸಲ ಬಿಡಿಸಿದ್ದೆ! ಅದು ಒಂದು ಊರಿನ ಗೋಡೆಗಳ ಮೇಲೆ ಹೇಗೆ ಬೀಳುತ್ತದೆ ಎಂದು ಕಣ್ಣಾರೆ ಕಂಡದ್ದು ಈಗ.

ಕಾಯುವುದಾಯಿತು. ಕಾಯುವಾಗ ಸುಮ್ಮನಿರಲಾಗದೆ ಬೆಳಗಿನ ಹೊತ್ತು ಮೆಟ್ಟಿಲ ಹಾದಿ ಹಿಡಿದೆ. ಸಾವಿರ ಮೆಟ್ಟಿಲುಗಳಲ್ಲಿ ಹರಕೆ ಹೊತ್ತ ಹೆಂಗಸರು ಪ್ರತಿಯೊಂದಕ್ಕೂ ಬಗ್ಗಿ ಅರಿಸಿನ ಕುಂಕುಮ ಹಚ್ಚುತ್ತಾ ಏರುತ್ತಾರೆ. ಅವರ ಬೆನ್ನು, ಬೆರಳು, ಕಲ್ಲಿನ ಮೇಲೆ ವರ್ಷಗಟ್ಟಲೆ ಕೂತ ಹಳದಿ ಕೆಂಪು. ದೊಡ್ಡದೇವರಾಜ ಒಡೆಯರ ಕಾಲದ ನಂದಿ, ಹದಿನಾರು ಅಡಿ ಎತ್ತರ, ಒಂದೇ ಬಂಡೆ. 2021ರ ನವೆಂಬರ್ ಮಳೆಗೆ ನಂದಿಗೆ ಹೋಗುವ ರಸ್ತೆ ಕುಸಿದಾಗ ಅಮ್ಮ ಎರಡು ದಿನ ಸರಿಯಾಗಿ ಊಟ ಮಾಡಿರಲಿಲ್ಲ. ಬೆಟ್ಟಕ್ಕೆ ನೋವಾಯಿತು ಎಂದೇ ಹೇಳುತ್ತಿದ್ದಳು.

ನಮ್ಮೂರಿನವರೇ ಆದ ಟಿ. ಎಸ್. ಸತ್ಯನ್ ಅವರನ್ನು ಆ ದಿನಗಳಲ್ಲಿ ತುಂಬ ನೆನೆದೆ. 1923ರಲ್ಲಿ ಹುಟ್ಟಿ 2009ರಲ್ಲಿ ತೀರಿಕೊಂಡ ಸತ್ಯನ್, ದೇಶದ ದೊಡ್ಡ ಪತ್ರಿಕಾ ಛಾಯಾಗ್ರಾಹಕರಲ್ಲಿ ಒಬ್ಬರು. ಪದ್ಮಶ್ರೀ ಬಂದದ್ದು 1977ರಲ್ಲಿ. ಅವರ ಕಪ್ಪು ಬಿಳುಪು ಪಟಗಳಲ್ಲಿ ದೊಡ್ಡವರಿದ್ದಾರೆ. ಆದರೆ ಮನಸ್ಸಿನಲ್ಲಿ ಉಳಿಯುವವರು ಮಕ್ಕಳು, ಬೀದಿಯವರು, ಕೆಲಸದಲ್ಲಿ ಮುಳುಗಿದವರು. ಆ ಪಟಗಳನ್ನು ನೋಡಿದ ಮೇಲೆ, ಕಟ್ಟಡಗಳ ಕಡೆಗೇ ತಿರುಗಿದ್ದ ನನ್ನ ಲೆನ್ಸು ಆಗಾಗ ಪಕ್ಕಕ್ಕೂ ಹೊರಳತೊಡಗಿತು. ತಿರುವಿನಲ್ಲಿ ಚುರುಮುರಿ ಮಾರುವಾತ ಈರುಳ್ಳಿ ಹೆಚ್ಚುವ ವೇಗ, ಕಟ್ಟೆಯ ಮೇಲೆ ಕೂತು ಕೆಳಗೆ ತೋರಿಸುತ್ತಾ ಜಗಳವಾಡುವ ಹುಡುಗರು: ಅಗೋ ಅದು ನಮ್ಮ ಸ್ಕೂಲು, ಅಲ್ಲ ಕಣೋ ಅದು ಆಸ್ಪತ್ರೆ. ಊರನ್ನು ನೋಡಲು ಬಂದವರೆಲ್ಲ ಹುಡುಕುವುದು ತಮ್ಮ ಮನೆಯನ್ನೇ.

ಇರುಳಿನ ಪಟಕ್ಕೆ ಶಟರನ್ನು ಕೆಲವು ಸೆಕೆಂಡು ತೆರೆದಿಡಬೇಕು. ಆ ಹೊತ್ತಿನಲ್ಲಿ ಓಡಾಡುವವರು ಪಟದಿಂದ ಮಾಯವಾಗುತ್ತಾರೆ, ವಾಹನಗಳು ಬರೀ ಬೆಳಕಿನ ಎಳೆಯಾಗುತ್ತವೆ. ನಿಂತದ್ದು ಮಾತ್ರ ಉಳಿಯುತ್ತದೆ. ಇದು ಛಾಯಾಗ್ರಹಣದಷ್ಟೇ ಹಳೆಯ ಸಂಗತಿ. ಇಂದಿಗೂ ಉಳಿದಿರುವ ಅತ್ಯಂತ ಹಳೆಯ ಕ್ಯಾಮೆರಾ ಪಟವೇ ಒಂದು ನೆತ್ತಿಗೆರೆ: ಫ್ರಾನ್ಸಿನ ನಿಯೆಪ್ಸ್, 1827ರ ಸುಮಾರಿಗೆ, ತನ್ನ ಮನೆಯ ಮಹಡಿ ಕಿಟಕಿಯಿಂದ ಕಂಡ ಸೂರುಗಳನ್ನು ಲೋಹದ ತಗಡಿನ ಮೇಲೆ ಮೂಡಿಸಿದ. ಅದಕ್ಕೆ ಎಂಟು ಗಂಟೆಗೂ ಮಿಗಿಲಾಗಿ ಬೆಳಕು ಬೇಕಾಯಿತು. ಅಷ್ಟರಲ್ಲಿ ಸೂರ್ಯ ಪೂರ್ವದಿಂದ ಪಶ್ಚಿಮಕ್ಕೆ ಸರಿದದ್ದರಿಂದ ಎರಡೂ ಬದಿಯ ಗೋಡೆಗಳಿಗೆ ಬಿಸಿಲು ಬಿದ್ದಿದೆ. 1838ರಲ್ಲಿ ಡಾಗೇರ್ ಪ್ಯಾರಿಸ್ಸಿನ ಒಂದು ಬೀದಿಯನ್ನು ಹೀಗೇ ಮೇಲಿನಿಂದ ತೆಗೆದ. ಗಿಜಿಗುಡುವ ಬೀದಿ, ಪಟದಲ್ಲಿ ಖಾಲಿ. ಒಂದು ಮೂಲೆಯಲ್ಲಿ ಮಾತ್ರ ಬೂಟಿಗೆ ಪಾಲಿಶ್ ಹಾಕಿಸಿಕೊಳ್ಳುತ್ತಾ ಒಬ್ಬ ನಿಂತಿದ್ದಾನೆ. ಕಾಲು ಅಲ್ಲಾಡಿಸದೆ ನಿಂತದ್ದಕ್ಕೆ ಉಳಿದ. ಆ ಪಟವನ್ನು ನೋಡಿದಾಗಲೆಲ್ಲ ನನಗೆ ಮೈ ಜುಂ ಎನ್ನುತ್ತದೆ.

ಏಪ್ರಿಲ್ ಬಂತು. ಒಂದು ಭಾನುವಾರ ಗಾಳಿಗೆ ಟ್ರೈಪಾಡು ನಡುಗಿ ದೀಪಗಳೆಲ್ಲ ಹುಳುವಿನ ಹಾಗೆ ಡೊಂಕಾದವು. ಆಮೇಲೆ ನಡುಗಂಬದ ಕೊಕ್ಕೆಗೆ ಚೀಲ ತೂಗುಹಾಕಲು ಕಲಿತೆ. ಬೆರಳು ಒತ್ತಿದ ಅಲುಗಾಟ ತಾಗದಂತೆ ಎರಡು ಸೆಕೆಂಡಿನ ಟೈಮರ್ ಇಟ್ಟೆ. ಇನ್ನೊಂದು ಭಾನುವಾರ ದೂಳಿನ ಮಬ್ಬು. 200 ಮಿಲಿಮೀಟರ್ ಲೆನ್ಸು ಅರಮನೆಯನ್ನು ಹತ್ತಿರ ತಂದಷ್ಟೂ ನಡುವಿನ ದೂಳನ್ನೂ ತರುತ್ತದೆ. ಮೇ ತಿಂಗಳೆಲ್ಲ ಹೀಗೇ ಹೋಯಿತು. ಚುರುಮುರಿಯಾತ ನನ್ನ ಮುಖ ನೋಡಿ, “ಮಳೆ ನಿಂತ್ ಗಳಿಗೇಲಿ ಬನ್ನಿ ಮೇಡಂ. ಊರು ತೊಳೆದಿಟ್ಟ ಪಾತ್ರೆ ಥರ ಇರ್ತದೆ” ಅಂದ. ಅದಕ್ಕಿಂತ ಒಳ್ಳೆಯ ಪಾಠವನ್ನು ನನಗೆ ಯಾರೂ ಹೇಳಲಿಲ್ಲ.

ಜುಲೈನ ಆ ಭಾನುವಾರ ಮಧ್ಯಾಹ್ನ ಹೊಯ್ದ ಮಳೆ ಐದಕ್ಕೆ ನಿಂತಿತು. ಹೊರಡುವಾಗ ಅಮ್ಮ, “ತಾರಸಿ ದೀಪ ಹಾಕಿರ್ತೀನಿ, ನೋಡ್ಕೋ” ಅಂದಳು. ಮೇಲೆ ಹೋದಾಗ ವಾಯವ್ಯದಲ್ಲಿ ಮೋಡ ಹರಿದು ಕೆಂಪು ಸುರಿಯುತ್ತಿತ್ತು. ಮರಗಳ ಎಲೆ ಎಲೆಯೂ ಬಿಡಿಯಾಗಿ ಕಾಣುತ್ತಿತ್ತು. ಐಎಸ್‌ಒ 100, ಅಪರ್ಚರ್ ಎಂಟು. ಏಳಕ್ಕೆ ಅರಮನೆ ಹತ್ತಿಕೊಂಡಿತು. ಐದು ನಿಮಿಷ ತಡೆದೆ. ಕೆಂಪು ಇಳಿದು, ಬೂದಿಯಾಗಿ, ಆಮೇಲೆ ಆ ನೀಲಿ ಬಂತು, ಹಳೆಯ ಇಂಕು ಬಾಟಲಿಯ ನೀಲಿ. ಚರ್ಚಿನ ಗೋಪುರಗಳು ಅದರ ಮೇಲೆ ಗೆರೆ ಎಳೆದ ಹಾಗೆ ನಿಂತವು. ಹದಿನೇಳು ಪಟ ತೆಗೆದೆ. ಆರು ಸೆಕೆಂಡಿನ ಒಂದು, ಇಷ್ಟು ತಿಂಗಳು ನಾನು ಕಾದದ್ದು ಅದಕ್ಕೇ.

ದೀಪ ಆರಿತು. ಜನ ವಾಹನ ಹತ್ತಿ ಹೊರಟರು. ನಾನು ಟ್ರೈಪಾಡು ಮಡಚುವಾಗ ಮತ್ತೊಮ್ಮೆ ಕೆಳಗೆ ನೋಡಿದೆ. ಅರಮನೆ ಇದ್ದ ಕಡೆ ಕತ್ತಲು. ಅದರ ಸುತ್ತ, ಇಷ್ಟು ಹೊತ್ತು ಆ ಬೆಳಕಿನ ನೆರಳಿನಲ್ಲಿದ್ದ ಊರು ಮೆಲ್ಲಗೆ ಎದ್ದು ಬಂದಿತ್ತು. ಬೀದಿಯ ಸಾಲುಗಳು, ಅಂಗಡಿಗಳ ಬಿಳಿ, ಮನೆಗಳ ಹಳದಿ. ಈಚೆಗೆ ಎರಡು ದೊಡ್ಡ ಕಪ್ಪು ತೇಪೆಗಳು: ಮೃಗಾಲಯ ಒಂದು, ಕಾರಂಜಿ ಕೆರೆ ಒಂದು. ನಮ್ಮ ಬೀದಿ ಅವೆರಡರ ಅಂಚಿನಲ್ಲಿರಬೇಕು. ಮತ್ತೆ ಕ್ಯಾಮೆರಾ ಹೂಡಿ, ಪರದೆಯ ಮೇಲೆ ಹಿಗ್ಗಿಸಿ ನೋಡಿದೆ. ಮೂರು ಕಿಲೋಮೀಟರ್‌ಗೂ ಕಡಿಮೆ ದೂರ. ದೀಪಗಳು ನೂರಾರು, ಯಾವುದೆಂದು ಹೇಳುವುದು?

ಫೋನು ಮಾಡಿದೆ. “ಅಮ್ಮ, ತಾರಸಿ ದೀಪ ಒಂದು ಸಲ ಆರಿಸಿ ಹಾಕು.”

ಗೋಡೆ ಹಿಡಿದು ಸ್ವಿಚ್ಚಿನ ತನಕ ಹೋಗಲು ಅವಳಿಗೆ ಹೊತ್ತು ಬೇಕು. ಪರದೆಯಿಂದ ಕಣ್ಣು ತೆಗೆಯದೆ ನಿಂತೆ. ಕೆರೆಯ ಕಪ್ಪಿನ ಪಕ್ಕದಲ್ಲಿ, ತೆಂಗಿನ ಮರವೊಂದರ ಈಚೆಗೆ, ಒಂದು ಚುಕ್ಕಿ ಹೋಯಿತು. ಎರಡು ಉಸಿರು ಕಳೆದು ಬಂತು.

“ಕಾಣ್ತಾ?”

“ಕಾಣ್ತು ಅಮ್ಮ.”

“ತಡಿ, ಇನ್ನೊಂದು ಸಲ” ಅಂದಳು. ಚುಕ್ಕಿ ಮತ್ತೆ ಹೋಯಿತು.