ಬೆನ್ನಿಗೆ ತಕ್ಕ ಚೀಲ

ಈ ಬರಹದಲ್ಲಿ ‘ನಾವು’ ಎಂದರೆ ಗಂಡ ಹೆಂಡತಿ ಇಬ್ಬರೂ ಎಂದು ತಿಳಿಯಬೇಕು. ಬರೆದವರು ಒಬ್ಬರು, ಹೊಡೆದುಹಾಕಿ ತಿದ್ದಿದವರು ಇನ್ನೊಬ್ಬರು. ವಿಷಯ ಚೀಲದ್ದು. ಚೀಲದ ಮೇಲೆ ಬರೆಯುವುದಕ್ಕೆ ಏನಿದೆ ಎಂದು ಓದುಗರು ಕೇಳಬಹುದು. 2023ರ ಜೂನ್ ತಿಂಗಳವರೆಗೆ ನಾವೂ ಹಾಗೆಯೇ ಕೇಳುತ್ತಿದ್ದೆವು.

ಮುಂಬಯಿಗೆ ಬಂದಾಗ ನಮ್ಮ ಸಾಮಾನೆಂದರೆ ಒಂದು ಟ್ರಂಕು, ಒಂದು ಹೋಲ್ಡಾಲು. ಹೊರುವುದು ಹಮಾಲನ ಕೆಲಸ, ಎಣಿಸುವುದು ನಮ್ಮದು. ಆಮೇಲೆ ಗಾಲಿಯ ಸೂಟ್‌ಕೇಸು ಬಂತು. ನೆಲ ಸಪಾಟಾಗಿದ್ದಲ್ಲಿ ಅದರಷ್ಟು ಸುಖ ಇನ್ನೊಂದಿಲ್ಲ. ಡೊಂಬಿವಲಿ ಸ್ಟೇಶನ್ನಿನ ಸೇತುವೆಯ ಮೆಟ್ಟಿಲ ಮುಂದೆ ಮಾತ್ರ ಗಾಲಿ ಇದ್ದೂ ಇಲ್ಲದ ಹಾಗೆ. ನಿವೃತ್ತಿಯ ನಂತರ ನಮಗೆ ಎರಡು ಚಟ ಹತ್ತಿದವು. ಒಂದು, ಶನಿವಾರ ಭಾನುವಾರ ಸಹ್ಯಾದ್ರಿಯ ಕೋಟೆಗಳನ್ನು ಹತ್ತುವುದು. ಇನ್ನೊಂದು, ಎರಡು ತಿಂಗಳಿಗೊಮ್ಮೆ ಧಾರವಾಡಕ್ಕೆ ಹೋಗಿ ಎರಡು ದಿನ ಇದ್ದು ಬರುವುದು. ಎರಡು ಕೆಲಸಕ್ಕೂ ಒಂದೇ ಚೀಲ, ಇಬ್ಬರಿಗೂ ಒಂದೇ ಚೀಲ ಎಂದು ನಮ್ಮಲ್ಲಿನ ಯಜಮಾನರು ತೀರ್ಮಾನಿಸಿ, 60 ಲೀಟರಿನ ಬೆನ್ನುಚೀಲವೊಂದನ್ನು ತಂದರು. ಇಲ್ಲಿಯ ಟ್ರೆಕ್ಕಿಂಗ್ ಹುಡುಗರ ಬಾಯಲ್ಲಿ ಅದು ‘ಸ್ಯಾಕು’. ಹನ್ನೊಂದು ಜೇಬು ಇದ್ದವು. ಆರಿಸಿದ್ದೂ ಜೇಬು ಎಣಿಸಿಯೇ.

ಆ ಜೂನಿನಲ್ಲಿ, ಮಳೆ ಹಿಡಿಯುವ ಮೊದಲು, ಮಿಂಚುಹುಳು ನೋಡಲೆಂದು ರಾಜಮಾಚಿಗೆ ಹೋದೆವು. ಲೋಣಾವಳಾದಿಂದ ಸುಮಾರು 15 ಕಿಲೋಮೀಟರು, ಬಹುಪಾಲು ಸಮದಾರಿ. ಶ್ರೀವರ್ಧನ, ಮನರಂಜನ ಎಂಬ ಎರಡು ಕೋಟೆಗಳ ಬುಡದ ಉಧೇವಾಡಿ ಎಂಬ ಹಳ್ಳಿಯಲ್ಲಿ ತಂಗಿದೆವು. ರಾತ್ರಿ ಮರಕ್ಕೆ ಮರವೇ ಹೊತ್ತಿ ಆರುತ್ತಿತ್ತು. ಮರುದಿನ ಕರ್ಜತ್ ಕಡೆಗೆ, ಕೊಂಡಾಣೆಯ ಬೌದ್ಧ ಗುಹೆಗಳ ದಾರಿಯಾಗಿ ಇಳಿಯತೊಡಗಿದೆವು. ಆ ಕಡೆಯದು ಕಡಿದಾದ ಇಳಿಜಾರು, ಕಾಲಿಟ್ಟರೆ ಉರುಳುವ ಕಲ್ಲು. ಅರ್ಧರ್ಧ ಗಂಟೆಗೆ ಚೀಲ ಬದಲಾಯಿಸುವುದೆಂದು ಒಪ್ಪಂದವಾಗಿತ್ತು.

ಯಜಮಾನತಿಯ ಸರದಿ. ಅವಳ ತೂಕ 54 ಕಿಲೋ, ಚೀಲದ್ದು 11. ಸೊಂಟದ ಪಟ್ಟಿ ಅವಳಿಗೆ ತೊಡೆಯ ಮೇಲೆ ಬರುತ್ತಿತ್ತು, ಹೆಜ್ಜೆಗೊಮ್ಮೆ ಅಡ್ಡ. ಬೇಸತ್ತು ಬಿಚ್ಚಿಬಿಟ್ಟಿದ್ದಳು. ಸ್ಟೀಲಿನ ಡಬ್ಬಿ, ನೀರು, ಎಲ್ಲ ಭಾರವೂ ಚೀಲದ ಮೇಲ್ತುದಿಯಲ್ಲಿ. ಒಂದು ಕಲ್ಲಿನ ಮೇಲೆ ಅವಳು ಕಾಲಿಟ್ಟು ನಿಂತಳು, ಚೀಲ ನಿಲ್ಲಲಿಲ್ಲ. ಬೀಳುವಾಗ ಊರಿದ ಕೈಯ ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿತು. ಅಲ್ಲಿಂದ ಕೊಂಡಿವಡೆ ತಲುಪುವವರೆಗೆ ನಮ್ಮಿಬ್ಬರ ನಡುವೆ ಮಾತಿಲ್ಲ.

ಆರು ವಾರ ಪ್ಲಾಸ್ಟರು. ಆ ಅವಧಿಯಲ್ಲಿ ಯಜಮಾನರು ರೊಟ್ಟಿ ಬಡಿಯುವುದನ್ನು ಕಲಿತರು. ಅದರ ಆಕಾರದ ಮಾತು ಇಲ್ಲಿ ಬೇಡ. ಮಗ ಪುಣೆಯಿಂದ ಫೋನು ಮಾಡಿ, “ಸಾಕಿನ್ನ, ಸುಮ್ನ ಮನ್ಯಾಗ ಇರ್ರಿ” ಅಂದ. ಯಜಮಾನರು ಒಪ್ಪಿಕೊಂಡೂ ಬಿಟ್ಟರು, ತಪ್ಪಿತಸ್ಥರ ಬಾಯಿ ಬೇಗ ಒಪ್ಪುತ್ತದೆ. ಯಜಮಾನತಿ ಮಾತ್ರ, “ಬಿದ್ದದ್ದು ಚೀಲಾ. ಅದರ ಜೋಡಿ ನಾ ಹೋದೆ. ಬದಲಿ ಮಾಡೋದು ಚೀಲಾನ, ನಮ್ಮನ್ನಲ್ಲ” ಎಂದು ಫೋನು ಇಟ್ಟಳು.

ಪ್ಲಾಸ್ಟರು ಬಿಚ್ಚಿದ ಮೇಲೆ ದಾದರಿನ ಅಂಗಡಿಯೊಂದಕ್ಕೆ ಹೋದೆವು. ಖಾಲಿ ಚೀಲ ಹೆಗಲಿಗೇರಿಸಿ ನೋಡಿದರೆ ಎಲ್ಲವೂ ಹಗುರ, ಎಲ್ಲವೂ ಚೆಂದ. ಆದ್ದರಿಂದ ಈ ಸಲ ಐದು ಕಿಲೋ ಜೋಳದ ಹಿಟ್ಟು ಕಟ್ಟಿಕೊಂಡು ಹೋಗಿದ್ದೆವು. ಅಂಗಡಿಯ ಹುಡುಗ ನಕ್ಕ, ಆದರೆ ಕೆಲಸ ಬಲ್ಲವನು. “ಕಾಕೂ, ತಲೆ ಬಗ್ಗಿಸಿ” ಎಂದು ಅವನು ಹೇಳಿದ; ಕತ್ತಿನ ಹಿಂದೆ ಎದ್ದು ಕಾಣುವ ಮೂಳೆಯಿಂದ, ಸೊಂಟದ ಮೂಳೆಯ ಮೇಲಂಚಿನ ಮಟ್ಟದವರೆಗೆ ಬೆನ್ನಿನ ಮೇಲೆ ಟೇಪು ಹಿಡಿದ. ಅವಳದು 41 ಸೆಂಟಿಮೀಟರು, ಯಜಮಾನರದು 48. ಚೀಲ ಆರಿಸಬೇಕಾದದ್ದು ಈ ಅಳತೆಯಿಂದ, ಎತ್ತರದಿಂದಲ್ಲವಂತೆ. ಎತ್ತರದವರ ಬೆನ್ನು ಗಿಡ್ಡವಾಗಿರಬಹುದು, ಕಾಲೇ ಉದ್ದ. ಮೂವತ್ತೆಂಟು ವರ್ಷ ಜೊತೆಗಿದ್ದು ನಮಗೆ ಗೊತ್ತಿರದ ಲೆಕ್ಕ ಅದು. ಒಂದೇ ಚೀಲ ಇಬ್ಬರಿಗೂ ಆಗುವುದೆಂಬ ತೀರ್ಮಾನ ಅಲ್ಲಿಯೇ ಮುಗಿಯಿತು.

ಇನ್ನು ಪಟ್ಟಿ ಕಟ್ಟುವ ಕ್ರಮ. ಎಲ್ಲವನ್ನೂ ಸಡಿಲಿಸಿ ಚೀಲ ಏರಿಸಬೇಕು, ಮೊದಲು ಸೊಂಟದ ಪಟ್ಟಿಯನ್ನು ಸೊಂಟದ ಮೂಳೆಯ ಮೇಲೆ ಕೂರಿಸಿ ಬಿಗಿಯಬೇಕು, ಹೆಗಲಿನದು ಆಮೇಲೆ. ಭಾರದ ಹೆಚ್ಚು ಪಾಲು ಸೊಂಟಕ್ಕೆ ಇಳಿದು ಕಾಲಿಗೆ ಹೋಗುತ್ತದೆ, ಹೆಗಲು ಚೀಲವನ್ನು ಹತ್ತಿರ ಹಿಡಿದುಕೊಂಡರೆ ಸಾಕು. ಯಜಮಾನರು ತಮ್ಮ ಓದು ತೋರಿಸಲು, 1952ರಲ್ಲಿ ಕ್ಯಾಲಿಫೋರ್ನಿಯಾದ ಡಿಕ್ ಕೆಲ್ಟಿ ಎಂಬಾತ ಅಲ್ಯೂಮಿನಿಯಂ ಚೌಕಟ್ಟಿನ ಚೀಲಗಳನ್ನು ಮಾರತೊಡಗಿದ್ದನ್ನೂ, ಈ ಸೊಂಟದ ಪಟ್ಟಿಯನ್ನು ರೂಢಿಗೆ ತಂದವರಲ್ಲಿ ಅವನೂ ಒಬ್ಬನೆಂಬುದನ್ನೂ ವಿವರಿಸಿದರು. ಯಜಮಾನತಿ ಕೇಳಿದಳು: “ಅಲ್ರೀ, ಬಾವಿಯಿಂದ ಕೊಡಾ ಹೆಗಲಿಗೆ ಜೋತುಬಿಟ್ಕೊಂಡು ತರತಿದ್ವೇನು? ಟೊಂಕದ ಮ್ಯಾಲೆ ಕೂಡಿಸ್ಕೊಂಡು ತರತಿದ್ವಿ. ಅದಕ್ಕ ಆ ಸಾಹೇಬನ್ನ ಯಾಕ ಕೇಳಬೇಕು?”

ಅಳತೆಯ ಮಾತು. ಸ್ನಾನದ ದೊಡ್ಡ ಬಕೆಟ್ಟು ಎರಡು ಸೇರಿದರೆ ಸುಮಾರು 40 ಲೀಟರು. ಎರಡು ರಾತ್ರಿಯ ತಿರುಗಾಟಕ್ಕೆ ಅಷ್ಟು ಧಾರಾಳ. ಜಾಗ ಹೆಚ್ಚಿದ್ದರೆ ‘ಇರಲಿ’ ಎಂಬ ಮಾತು ಹುಟ್ಟುತ್ತದೆ. ನಮ್ಮ 11 ಕಿಲೋದಲ್ಲಿ ನಾಲ್ಕು ಕಿಲೋ ಈ ‘ಇರಲಿ’ಯದೇ ಆಗಿತ್ತು. ಅವಳಿಗೆ 35, ಅವರಿಗೆ 40 ಲೀಟರಿನದು ಕೊಂಡೆವು.

ಬೆಟ್ಟಕ್ಕೆ ಒಳ್ಳೆಯದೆಂದು ಹೇಳುವ ಚೀಲಗಳಲ್ಲಿ ಹಲವಕ್ಕೆ ಬಾಯಿ ಮೇಲೆ ಮಾತ್ರ. ಧಾರವಾಡದ ರಾತ್ರಿ ಗಾಡಿಯಲ್ಲಿ, ದೀಪ ಆರಿದ ಮೇಲೆ, ತಳದಲ್ಲಿರುವ ಟವೆಲಿಗಾಗಿ ಇಡೀ ಸಂಸಾರವನ್ನು ಬರ್ತಿನ ಮೇಲೆ ಸುರಿದ ಅನುಭವ ನಮಗಿದೆ. ಸೂಟ್‌ಕೇಸಿನ ಹಾಗೆ ಪೂರ್ತಿ ತೆರೆಯುವ, ದಪ್ಪ ಜಿಪ್ಪಿನದನ್ನೇ ಹುಡುಕಿದೆವು. ಪಕ್ಕದಲ್ಲಿ ಎಳೆದು ಕಟ್ಟುವ ಪಟ್ಟಿಗಳೂ ಬೇಕು. ಊರಿಗೆ ಹೋಗುವಾಗ ಚೀಲ ಅರ್ಧ ಖಾಲಿ, ಬಿಗಿದು ಕಟ್ಟಿದರೆ ಒಳಗೆ ಸಾಮಾನು ಅಲುಗಾಡದು. ಬರುವಾಗ ಫೇಡೆ, ಶೇಂಗಾ ಚಟ್ನಿ, ಕಡಕ್ ರೊಟ್ಟಿ ಎಂದು ಅತ್ತಿಗೆ ತುಂಬಿದ್ದಕ್ಕೆಲ್ಲ ಸಡಿಲಿಸಬಹುದು. ಲೋಕಲ್ಲಿನಲ್ಲಿ ಮಾತ್ರ ಈ ಪಟ್ಟಿಗಳ ತುದಿ ಸುತ್ತಿ ಕಟ್ಟಿಡಿ. ಇನ್ನೊಬ್ಬರ ಕೊಡೆಗೆ ಸಿಕ್ಕಿ ಅವರನ್ನು ಠಾಣೆಯಲ್ಲಿ ಇಳಿಯಗೊಡದ ಪಾಪ ಒಮ್ಮೆ ಮಾಡಿದ್ದೇವೆ. ಗದ್ದಲದ ಹೊತ್ತಿನಲ್ಲಿ ಚೀಲವನ್ನು ಬೆನ್ನ ಮೇಲಿಟ್ಟು ನಿಲ್ಲುವುದಂತೂ ಬೇಡವೇ ಬೇಡ.

ಮಳೆಯ ಮುಸುಕನ್ನು ನಂಬಬೇಡಿ. ಮುಸುಕು ಬೆನ್ನಿನ ಕಡೆ ತೆರೆದೇ ಇರುತ್ತದೆ, ಕತ್ತಿನಿಂದ ಇಳಿದ ನೀರು ಅಲ್ಲಿಂದಲೇ ಒಳಗೆ. ಘಟ್ಟದ ಅಂಚಿನ ಗಾಳಿಗೆ ಮಳೆ ಕೆಳಗಿನಿಂದ ಮೇಲಕ್ಕೂ ಬೀಸುತ್ತದೆ. ಚೀಲದ ಒಳಗೇ ಒಂದು ದಪ್ಪ ಪ್ಲಾಸ್ಟಿಕ್ ಚೀಲವಿಟ್ಟು, ಅದರಲ್ಲಿ ಬಟ್ಟೆ ತುಂಬಿ, ಬಾಯಿ ತಿರುಚಿ ಮಡಚಿಡುವುದು ನಮ್ಮ ಪದ್ಧತಿ.

ಆ ವರ್ಷ ಡಿಸೆಂಬರಿನಲ್ಲಿ ಮತ್ತೆ ರಾಜಮಾಚಿಗೆ ಹೋದೆವು. ಮಗನಿಗೆ ತಿಳಿಸಿರಲಿಲ್ಲ. ಅವಳ ಚೀಲ ಆರು ಕಿಲೋ, ಡಬ್ಬಿ ಈಗ ಬೆನ್ನಿಗೆ ಒತ್ತಿ ನಡುವಿನಲ್ಲಿ. ಕೊಂಡಾಣೆಯ ಇಳಿಜಾರಿನಲ್ಲಿ ಆ ಕಲ್ಲು ನಮಗಿಬ್ಬರಿಗೂ ಗುರುತು ಸಿಕ್ಕಿತು. ಯಜಮಾನರು, “ನಿನ್ನ ಚೀಲಾ ಕೊಡು, ಇದೊಂದಿಷ್ಟು ದಾಟೋತನಕ ನಾ ಹೊರತೀನಿ” ಅಂದರು. ಅವಳು ನಿಂತು ಸೊಂಟದ ಪಟ್ಟಿ ಒಂದು ಎಳೆ ಬಿಗಿದಳು. “ನಿಮ್ಮ ಬೆನ್ನಿಗೆ ಇದು ಬರೂದಿಲ್ಲ” ಎಂದು ಕಲ್ಲು ಬಳಸಿ ಮುಂದೆ ಇಳಿದಳು.